ಅತ್ತಿಗೆಯ ಹುಳಿಭರಣಿ

ಭದ್ರಾವತಿಯ ಕಾಗದನಗರದ ಆಚೆ ಅಪ್ಪ ನಿವೃತ್ತಿಯ ದುಡ್ಡಿನಲ್ಲಿ ಕಟ್ಟಿಸಿದ ನಮ್ಮ ಮನೆಯಲ್ಲಿ, ಮಹಡಿ ಮೆಟ್ಟಿಲಿನ ಕೆಳಗೆ ಒಂದು ಕತ್ತಲೆ ಮೂಲೆ ಇದೆ. ಮೊದಲು ಅಲ್ಲಿ ಅಪ್ಪನ ಮುರುಕು ಛತ್ರಿಗಳೂ ನನ್ನ ಕ್ರಿಕೆಟ್ ಬ್ಯಾಟೂ ಸಂಸಾರ ಹೂಡಿದ್ದವು. ಅತ್ತಿಗೆ ಬಂದ ಮೇಲೆ ಅವೆಲ್ಲ ಅಟ್ಟ ಹತ್ತಿದವು, ಆ ಜಾಗಕ್ಕೆ ಒಂದು ಗಾಜಿನ ಭರಣಿ ಬಂತು. ಬಾಯಿಗೆ ಬಿಳಿ ಬಟ್ಟೆ, ಬಟ್ಟೆಯ ಸುತ್ತ ರಬ್ಬರ್ ಬ್ಯಾಂಡು. ಒಳಗೆ ಮಬ್ಬು ಬಣ್ಣದ ಹುಳಿನೀರು. ಅದರ ಮೇಲೆ ಎಳನೀರಿನ ಗಂಜಿಯಂಥ ಒಂದು ಲೋಳೆ ಪದರ. ಈ ಭರಣಿಗೆ ಒದಗಿದ ಆಪತ್ತಿನಲ್ಲಿ ನನ್ನ ಪಾಲೆಷ್ಟು ಎಂದು ಮೊದಲೇ ಹೇಳಿಬಿಡುತ್ತೇನೆ: ಪೂರ್ತಿ. ಚೆಲ್ಲಿದವಳು ಅಮ್ಮ, ನಿಜ. ಚೆಲ್ಲಿಸಿದ್ದು ನನ್ನ ಬಾಯಿ.

ಆ ಬಾಯಿಯ ಬಗ್ಗೆಯೂ ಎರಡು ಮಾತು. ಭದ್ರಾವತಿ–ಶಿವಮೊಗ್ಗ ಬಸ್ಸಿನ ಕಂಡಕ್ಟರು, ನಾನು ಕೆಲಸ ಮಾಡುವ ಬೈಕ್ ಶೋರೂಮಿನ ಮ್ಯಾನೇಜರು, ಹಾಲು ಹಾಕುವಾತ, ಪಕ್ಕದ ಮನೆಯ ಅತ್ತೆ, ಇವರೆಲ್ಲ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ಒಬ್ಬರೂ ಬಾಡಿಗೆ ಕೊಡುವುದಿಲ್ಲ. ಮನೆಯ ಯಜಮಾನ ಮಾತ್ರ ಎಲ್ಲೂ ಕಾಣುವುದಿಲ್ಲ, ನನ್ನದೇ ದನಿಯಲ್ಲಿ ಮಾತಾಡಿದರೆ ಅಮ್ಮ "ಯಾಕೋ, ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಾಳೆ.

ಅಣ್ಣ ನನಗೆ ತದ್ವಿರುದ್ಧ. ವರ್ಷಕ್ಕೆ ಎಂಟು ಮಾತು ಆಡುವವನು. ದುಬೈನ ಹೋಟೆಲೊಂದರಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ. ಅತ್ತಿಗೆ ಅಲ್ಲೇ ರಿಸೆಪ್ಷನ್ನಿನಲ್ಲಿ ಇದ್ದರು. ಫಿಲಿಪ್ಪೀನ್ಸಿನ ಇಲೊಯಿಲೊ ಎಂಬ ಊರಿನವರು. ಇಂಥ ಮೂಕಬಸವ ತನ್ನ ಪ್ರೀತಿಯನ್ನು ಹೇಗೆ ಹೇಳಿಕೊಂಡ ಎಂಬುದು ನಮಗೆ ಇವತ್ತಿಗೂ ತಿಳಿಯದು. ಅವರ ಕೌಂಟರಿನ ಎಸಿಯನ್ನು ವಾರಕ್ಕೆ ಮೂರು ಸಲ ಕೆಡಿಸಿ ರಿಪೇರಿ ಮಾಡಿದ ಎಂದು ನನ್ನ ಅನುಮಾನ.

ಮದುವೆ ಅತ್ತಿಗೆಯ ಊರಲ್ಲೇ ಆಯಿತು. ಅಪ್ಪನಿಗೆ ಮಂಡಿನೋವು, ಅಮ್ಮನಿಗೆ ವಿಮಾನದ ಹೆಸರು ಕೇಳಿದರೇ ತಲೆಸುತ್ತು. ಗಂಡಿನ ಕಡೆಯ ದಿಬ್ಬಣವೆಂದರೆ ನಾನೊಬ್ಬನೇ. ಇಪ್ಪತ್ತು ದಿನ ಅತ್ತಿಗೆಯ ತಾಯಿಯ ಮನೆಯಲ್ಲಿದ್ದೆ. ಅವರನ್ನು ಎಲ್ಲರೂ ನಾನಾಯ್ ಅನ್ನುತ್ತಿದ್ದರು. ಅಮ್ಮ ಎಂದು ಅರ್ಥ. ನನ್ನನ್ನು ಅವರು ತೋತೋ ಎಂದು ಕರೆದರು. ನಮ್ಮಲ್ಲಿ ಪುಟ್ಟ ಅನ್ನುವ ಹಾಗೆ. ಇಪ್ಪತ್ತಾರು ವರ್ಷದ, ಮೀಸೆ ಹೊತ್ತ ಪುಟ್ಟ.

ಮಾಂಸ ಮೀನು ಮೊಟ್ಟೆ ಯಾವುದೂ ಮುಟ್ಟದ ಗಂಡಸೊಬ್ಬ ಬಂದಿದ್ದಾನೆ ಎಂದು ಇಡೀ ಓಣಿ ನನ್ನನ್ನು ನೋಡಲು ಬಂತು. ನಾನಾಯ್ ಸೋಲಲಿಲ್ಲ. ಬೆಳಿಗ್ಗೆ ಎದ್ದರೆ ಹಿಂದಿನ ದಿನದ ಅನ್ನವನ್ನು ಕೈತುಂಬ ಬೆಳ್ಳುಳ್ಳಿ ಹಾಕಿ ಹುರಿಯುತ್ತಿದ್ದರು. ಉಳಿದ ಅನ್ನಕ್ಕೆ ಅಮ್ಮ ಒಗ್ಗರಣೆ ಹಾಕುವುದು ನೆನಪಾಗಿ ನನಗೆ ಮೊದಲ ದಿನವೇ ಮನೆಯಲ್ಲಿದ್ದಂತಾಯಿತು. ಅವರಿಗೆಲ್ಲ ಜೊತೆಗೆ ಒಣಮೀನು, ನನಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿ. ಹತ್ತು ಗಂಟೆಗೊಂದು ತಿಂಡಿ, ನಾಲ್ಕು ಗಂಟೆಗೊಂದು ತಿಂಡಿ. ಅಂಟಕ್ಕಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಬಾಳೆಲೆಯಲ್ಲಿ ಸುತ್ತಿದ್ದು, ನಮ್ಮ ಕಡುಬಿಗೆ ದೊಡ್ಡಪ್ಪನ ಮಗ ಆಗಬೇಕು. ಶುಕ್ರವಾರವೆಂದರೆ ಹೆಸರುಕಾಳು, ನುಗ್ಗೆಸೊಪ್ಪು, ಹಾಗಲಕಾಯಿ. ಮೂರು ಹೊತ್ತೂ ಅನ್ನ. ಸಮುದ್ರ ದಾಟಿ ಬಂದು ಮತ್ತೆ ನುಗ್ಗೆಸೊಪ್ಪನ್ನೇ ತಿನ್ನುತ್ತಿದ್ದೇನೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳು ನಂಬಲಿಲ್ಲ.

ಅಲ್ಲಿ ಯಾರೇ ಊಟಕ್ಕೆ ಕೂತಿರಲಿ, ಬಾಗಿಲ ಮುಂದೆ ಹಾದುಹೋಗುವವರನ್ನು "ಬನ್ನಿ, ತಿನ್ನೋಣ" ಎಂದು ಕೂಗಿ ಕರೆಯಲೇಬೇಕು. ಕರೆಸಿಕೊಂಡವರು ಹೊಟ್ಟೆ ಮುಟ್ಟಿ ತೋರಿಸಿ, ನಕ್ಕು ಮುಂದೆ ಹೋಗಬೇಕು. ನಮ್ಮೂರಲ್ಲೂ ಇದೇ ತಾನೇ? ಗೊತ್ತಿದ್ದೂ ನಾನು ಎರಡನೆಯ ದಿನ ಒಂದು ಮನೆಯೊಳಗೆ ನೇರ ಹೋಗಿ ಚಕ್ಕಳಮಕ್ಕಳ ಹಾಕಿ ಕೂತೆ. ಅವರ ಮುಖ ನೋಡಬೇಕಿತ್ತು. ಪಾಪ, ಅನ್ನ ಹಾಕಿದರು. ಪಲ್ಯ ಯಾವುದೂ ನನಗೆ ಆಗುವಂಥದ್ದಲ್ಲ, ಬರೀ ಅನ್ನವನ್ನು ಹುಳಿನೀರಿನಲ್ಲಿ ಅದ್ದಿಕೊಂಡು ತಿಂದೆ. ಅಧಿಕಪ್ರಸಂಗಕ್ಕೆ ತಕ್ಕ ಊಟ.

ಆ ಹುಳಿನೀರು ಪ್ರತಿ ಮನೆಯಲ್ಲೂ ಇತ್ತು. ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರು ಹುದುಗಿ ಹೆಂಡವಾಗುತ್ತದೆ, ಹೆಂಡ ಇನ್ನೂ ಹುಳಿತು ವಿನಿಗರ್ ಆಗುತ್ತದೆ. ನಾನಾಯ್ ಮನೆಯ ಹಿತ್ತಲಲ್ಲಿ ಬಿದಿರಿನ ಗೋಡೆಯ ಅಡುಗೆಮನೆ. ಅಲ್ಲಿ ಸಾಲಾಗಿ ನಾಲ್ಕು ಭರಣಿ. ಮೇಲಿನ ಲೋಳೆಯನ್ನು ಅವರು ಮಗುವಿನ ಕೆನ್ನೆ ಮುಟ್ಟುವ ಹಾಗೆ ಮುಟ್ಟಿ, "ನನ್ನ ಅಮ್ಮ ಕೊಟ್ಟದ್ದು, ಅವಳಿಗೆ ಅವಳಮ್ಮ ಕೊಟ್ಟದ್ದು" ಎಂದು ಅತ್ತಿಗೆಯ ಬಾಯಲ್ಲಿ ನನಗೆ ಹೇಳಿಸಿದರು. ಈ ಹುಳಿ ಹಾಕಿ ಅಡುಗೆ ಮಾಡುವಾಗ ಅವರದೊಂದು ಕಟ್ಟಪ್ಪಣೆ: ಹುಳಿ ಬಿದ್ದ ಮೇಲೆ ಒಂದು ಕುದಿ ಬರುವ ತನಕ ಪಾತ್ರೆಗೆ ಸೌಟು ತಾಕಿಸಕೂಡದು. ತಾಕಿಸಿದರೆ ಅಡುಗೆ ಹಸಿ ಹುಳಿ ಹೊಡೆಯುತ್ತದೆ.

ಹೊರಡುವ ದಿನ ಅತ್ತಿಗೆಯ ಪೆಟ್ಟಿಗೆಯಲ್ಲಿ, ಎರಡು ಟವೆಲ್ಲು ಮೂರು ಪ್ಲಾಸ್ಟಿಕ್ ಕವರಿನೊಳಗೆ, ಆ ಲೋಳೆ ತೇಲುವ ಒಂದು ಬಾಟಲಿ ಬಂತು. ಅಣ್ಣ ಭದ್ರಾವತಿಯಲ್ಲಿ ಫ್ರಿಜ್ಜು, ಎಸಿ ರಿಪೇರಿ ಅಂಗಡಿ ತೆರೆದ. ಅತ್ತಿಗೆ ಮೆಟ್ಟಿಲ ಕೆಳಗೆ ಭರಣಿ ಇಟ್ಟರು.

ಇಲ್ಲಿ ಹೆಂಡ ತರಲು ಸಾಧ್ಯವೇ? ಅಮ್ಮ ಪೂಜೆಗೆ ಒಡೆದ ತೆಂಗಿನಕಾಯಿಯ ನೀರನ್ನು ಲೋಟದಲ್ಲಿ ಹಿಡಿದಿಡುತ್ತಿದ್ದಳು. ಅತ್ತಿಗೆ ಅದಕ್ಕೆ ಸಕ್ಕರೆ ಕದಡಿ ಭರಣಿಗೆ ಸುರಿಯುತ್ತಿದ್ದರು. ಅದೂ ಹುಳಿಯಾಗುತ್ತಿತ್ತು. ನಮ್ಮ ಮನೆಗಾಗಿ ಮಾಂಸ ಮೀನು ಬಿಟ್ಟ ಅತ್ತಿಗೆ ಆ ಹುಳಿಯಲ್ಲೇ ತಮ್ಮೂರನ್ನು ಉಳಿಸಿಕೊಂಡಿದ್ದರು. ಅಲಸಂದೆಕಾಯಿಗೆ ಬೆಳ್ಳುಳ್ಳಿ, ಮೆಣಸು, ಸೋಯಾ ಸಾಸು, ಈ ಹುಳಿ. ಎಳೆ ಹಲಸಿನಕಾಯಿಗೂ ಅದೇ. ಹಸಿ ಪರಂಗಿಕಾಯಿ ತುರಿದು, ಹಿಂಡಿ, ಹುಳಿ ಸಕ್ಕರೆಯಲ್ಲಿ ನೆನೆಸಿದ ಉಪ್ಪಿನಕಾಯಿ ಅಪ್ಪನ ರೊಟ್ಟಿಗೆ ಕಾಯಂ ಆಯಿತು. ನಶ್ಯದ ದೆಸೆಯಿಂದ ಅಪ್ಪನ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ. ಭರಣಿಯ ಬಗ್ಗೆ ತಕರಾರಿಲ್ಲದ ಏಕೈಕ ವ್ಯಕ್ತಿ ಅವರೇ.

ಅಮ್ಮನ ತಕರಾರು ವಾಸನೆಯದಲ್ಲ, ಸೌಟಿನದು. ಒಲೆಯ ಮೇಲೆ ಪಾತ್ರೆ ಇದ್ದರೆ ತಿರುವದೆ ಇರಲು ಅವಳ ಕೈಗೆ ಬರುವುದಿಲ್ಲ.

"ಅಮ್ಮ, ಬೇಡ. ತಿರುವಬೇಡ. ಹುಳಿಗೆ ಕೋಪ ಬರ್ತದೆ," ಎನ್ನುತ್ತಿದ್ದರು ಅತ್ತಿಗೆ.

"ನಲವತ್ತು ವರ್ಷದಿಂದ ತಿರುವ್ತಿದೀನಿ ಮಾರಾಯ್ತಿ. ಯಾವ ಹುಳಿನೂ ನನ್ನ ಮೇಲೆ ಕೋಪ ಮಾಡ್ಕೊಂಡಿಲ್ಲ," ಎಂದು ಅಮ್ಮ ಒಂದು ಸುತ್ತು ತಿರುವಿಯೇ ಬಿಡುತ್ತಿದ್ದಳು. ಅತ್ತಿಗೆ ಸೌಟನ್ನು ಬಚ್ಚಿಡುವುದನ್ನು ಕಲಿತರು. ಅಮ್ಮ ಚಮಚದ ಹಿಡಿಯಲ್ಲಿ ತಿರುವುವುದನ್ನು ಕಲಿತಳು. ಇಬ್ಬರ ಪಾತ್ರವನ್ನೂ ನಾನೇ ಮಾಡಿ ತೋರಿಸಿದರೆ ಇಬ್ಬರೂ ನಗುತ್ತಿದ್ದರು. ಅತ್ತಿಗೆ ಯಾವುದನ್ನೂ ಬೆರಳಿನಿಂದ ತೋರಿಸುವುದಿಲ್ಲ. ತುಟಿ ಮುಂದೆ ಚಾಚಿ, ಆ ಕಡೆ ತಿರುಗಿಸುತ್ತಾರೆ. ಅವರೂರಿನ ಎಲ್ಲರೂ ಹಾಗೇ. ಹೌದು ಎನ್ನಲು ಹುಬ್ಬು ಏರಿಸುತ್ತಾರೆ. ನನಗಂತೂ ಹಬ್ಬ. ಉಪ್ಪಿನ ಡಬ್ಬ ಎಲ್ಲಿ ಎಂದು ಅಮ್ಮ ಕೇಳಿದರೆ ನಾನು ತುಟಿ ಚಾಚುತ್ತಿದ್ದೆ, "ಬಾಯಿಗೆ ಲಕ್ವಾ ಹೊಡೀತೇನೋ" ಎಂದು ಅವಳು ಬೈಯುತ್ತಿದ್ದಳು.

ಮಳೆಗಾಲದ ಮೊದಲಲ್ಲಿ ನಾನಾಯ್ ಊರಿಗೆ ಬಿರುಗಾಳಿ ಬಂತು. ಜನಕ್ಕೆ ಏನೂ ಆಗಲಿಲ್ಲ. ಹಿತ್ತಲ ಅಡುಗೆಮನೆ ಮಾತ್ರ ಹಾರಿಹೋಯಿತು, ನಾಲ್ಕು ಭರಣಿಗಳೂ ಒಡೆದವು. ವಿಡಿಯೋ ಕಾಲಿನಲ್ಲಿ ನಾನಾಯ್ ನಗುತ್ತಲೇ ಹೇಳಿದರಂತೆ: "ಇನ್ನು ಇರೋದು ನಿನ್ನ ಹತ್ತಿರ ಇರೋದೊಂದೇ. ಕ್ರಿಸ್ಮಸ್ಸಿಗೆ ಬರುವಾಗ ನನಗೊಂದು ಬಾಟಲಿ ತಾ." ಅತ್ತಿಗೆ ಅವತ್ತೇ ಒಂದು ಚೀಟಿಯಲ್ಲಿ, ಆಗಷ್ಟೇ ಕಲಿತ ಕನ್ನಡ ಅಕ್ಷರದಲ್ಲಿ 'ಡಿಸೆಂಬರ್' ಎಂದು ಬರೆದು ಭರಣಿಗೆ ಅಂಟಿಸಿದರು. ಆ ಫೋನಿನ ವಿಷಯ ಅವರು ಇಂಗ್ಲಿಷಿನಲ್ಲಿ ಅಣ್ಣನಿಗೂ ನನಗೂ ಹೇಳಿದರು. ಅಣ್ಣ ಎಂದಿನಂತೆ ಯಾರಿಗೂ ಹೇಳಲಿಲ್ಲ. ಊರಿಗೆಲ್ಲ ಬಾಯಿಬಡುಕನಾದ ನಾನೂ ಅಮ್ಮನಿಗೆ ಹೇಳಲಿಲ್ಲ. ಅದರಲ್ಲಿ ಅಣಕಿಸುವಂಥದ್ದೇನೂ ಇರಲಿಲ್ಲವಲ್ಲ.

ಶ್ರಾವಣದ ಒಂದು ಸೋಮವಾರ ಮಠದ ಅಯ್ನೋರು ಪಾದಪೂಜೆಗೆ ಬರುವವರಿದ್ದರು. ಶನಿವಾರ ಸಂಜೆ ಅಮ್ಮ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಅತ್ತಿಗೆ ಮಹಡಿಯ ಮೇಲೆ ನಾನಾಯ್ ಜೊತೆ ಮಾತಿನಲ್ಲಿದ್ದರು. ನನಗೆ ಹುರುಪು ಬಂತು. ಭರಣಿಯ ಬಟ್ಟೆ ಸರಿಸಿ ಮೂಸಿ, ತೂರಾಡುತ್ತ ನಡುಮನೆಗೆ ಬಂದೆ. ಆಮೇಲೆ ಅಬಕಾರಿ ಇನ್ಸ್‌ಪೆಕ್ಟರಾದೆ. "ಯಾರ್ರೀ ಈ ಭಟ್ಟಿ ಓನರ್ರು? ವಯಸ್ಸಾದ ಹೆಂಗಸು, ವಿಭೂತಿ ಬೇರೆ ಹಚ್ಕೊಂಡಿದೀರಿ!" ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಥೂ, ಬಿಡೋ. ಹೌದೇನೋ, ನಿಜವಾಗ್ಲೂ ಅದು ಹೆಂಡದಿಂದ ಆಗಿದ್ದಾ?"

"ಹೆಂಡದ ಮೊಮ್ಮಗ ಅಮ್ಮ. ತಾತ ಕುಡುಕ, ಮೊಮ್ಮಗ ಸಂಭಾವಿತ."

ಅಲ್ಲಿಗೆ ನಿಲ್ಲಿಸಬಹುದಿತ್ತು. "ಆದ್ರೂ ಅಯ್ನೋರ ಮೂಗು ಬಲು ಚುರುಕು ನೋಡು," ಎಂದು ಸೇರಿಸಿದೆ. ಅಮ್ಮನ ನಗು ನಿಂತಿದ್ದನ್ನು ನೋಡಿದೆ. ನನ್ನ ಆಟ ಚೆನ್ನಾಗಿ ನಾಟಿದೆ ಎಂದುಕೊಂಡೆ.

ಮರುದಿನ ನನಗೆ ಶೋರೂಮಿನಲ್ಲಿ ಅರ್ಧ ದಿನದ ಕೆಲಸ. ಅಣ್ಣ ಹೊಳೆಹೊನ್ನೂರಿಗೆ ಯಾವುದೋ ಅಂಗಡಿಯ ಫ್ರೀಜರ್ ರಿಪೇರಿಗೆ ಹೊರಟ. ಅತ್ತಿಗೆಯೂ ಜೊತೆಗೆ ಹೋದರು. ಮಧ್ಯಾಹ್ನ ನಾನು ಗೇಟು ತೆರೆದಾಗ ಕಾಂಪೌಂಡಿನ ಮೇಲೆ ಭರಣಿ ಬೋರಲಾಗಿ ಬಿಸಿಲು ಕಾಯಿಸುತ್ತಿತ್ತು. ಫಳಫಳ ಹೊಳೆಯುತ್ತಿತ್ತು. ಚೀಟಿಯೂ ಇರಲಿಲ್ಲ.

"ಒಳಗೆಲ್ಲ ಲೋಳೆ ಕಟ್ಟಿ ಕೆಟ್ಟೋಗಿತ್ತು ಕಣೋ," ಎಂದಳು ಅಮ್ಮ, ಒಳ್ಳೆಯ ಕೆಲಸ ಮಾಡಿದವರ ಉತ್ಸಾಹದಲ್ಲಿ. "ಪಾಪ, ಅವಳಿಗೆ ಗೊತ್ತೇ ಆಗಿಲ್ಲ. ತೆಂಗಿನ ಬುಡಕ್ಕೆ ಚೆಲ್ಲಿ, ಎರಡು ಸಲ ಸೋಪು ಹಾಕಿ ತೊಳೆದೆ. ನೋಡು, ಅಂಗಡಿಯಿಂದ ಹೊಸದು ತರಿಸಿದೀನಿ." ಕೈಯಲ್ಲಿ ಬಿಳಿ ವಿನಿಗರ್ ಬಾಟಲಿ ಹಿಡಿದಿದ್ದಳು.

ನನ್ನ ಬಾಡಿಗೆದಾರರೆಲ್ಲ ಆ ಕ್ಷಣ ಮನೆ ಖಾಲಿ ಮಾಡಿದರು.

ಅತ್ತಿಗೆ ಬಗಲಲ್ಲಿ ಅಲಸಂದೆಕಾಯಿ ಕಟ್ಟು ಹಿಡಿದು ಬಂದರು. ಭರಣಿ ನೋಡಿದರು. ಹೋಗಿ ಎತ್ತಿಕೊಂಡು, ಒಳಗೆ ಮೂಗಿಟ್ಟು ಮೂಸಿದರು. ಸೋಪಿನ ನಿಂಬೆ ವಾಸನೆ ಬಂದಿರಬೇಕು. ಅಮ್ಮ ಹೊಸ ಬಾಟಲಿ ಕೊಟ್ಟಾಗ ಎರಡೂ ಕೈಯಲ್ಲಿ ತೆಗೆದುಕೊಂಡು, "ಥ್ಯಾಂಕ್ಯು ಅಮ್ಮ," ಎಂದರು. ಆಮೇಲೆ ಕೂತು ಅಲಸಂದೆಕಾಯಿ ಮುರಿದರು, ಒಂದೊಂದೂ ಒಂದೇ ಅಳತೆಗೆ.

ಆ ಸಂಜೆ ಅವರು ನಾನಾಯ್‌ಗೆ ಫೋನ್ ಮಾಡಲಿಲ್ಲ. ದಿನವೂ ತಪ್ಪದ ಫೋನು ಅದು. ಅಮ್ಮನಿಗೆ ಅದೇ ಹೊಳೆಯಿತು.

"ಯಾಕೋ ಅವಳು ಇವತ್ತು ತವರಿಗೆ ಫೋನೇ ಮಾಡ್ಲಿಲ್ಲ?"

"ಅಮ್ಮ, ನೀನು ಚೆಲ್ಲಿದ್ದು ಕೆಟ್ಟಿದ್ದಲ್ಲ. ಅದು ಹೆಪ್ಪು."

ಇಷ್ಟೇ ಹೇಳಿದ್ದು. ಉಳಿದದ್ದು ಹೇಳುವ ಮೊದಲೇ ಅಮ್ಮನ ಮುಖ ಇಳಿದುಹೋಗಿತ್ತು. ನಾನು ಚಿಕ್ಕವನಿದ್ದಾಗ ಬೆಕ್ಕು ಒಮ್ಮೆ ನಮ್ಮ ಹೆಪ್ಪಿನ ಬಟ್ಟಲನ್ನು ಉರುಳಿಸಿತ್ತು. ಪಕ್ಕದ ಮನೆಯವರು ಕೊಡಲು ಬಂದ ಮೊಸರನ್ನು ಬೇಡವೆಂದು, ಅಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತು, ಎರಡು ಬಸ್ಸು ಬದಲಿಸಿ ಆಯನೂರಿನ ತವರಿಗೆ ಹೋಗಿ ಒಂದು ಗಿಂಡಿ ಹೆಪ್ಪು ತಂದಿದ್ದಳು. ಅಂಥವಳಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಬಿರುಗಾಳಿಯ ವಿಷಯ ಹೇಳಿದೆ. ಚೀಟಿಯ ವಿಷಯ ಹೇಳಿದೆ.

"ಅವಳ ತಾಯಿ ಹತ್ರಾನೂ ಇಲ್ವಾ?" ಎಂದಳು.

"ಎಲ್ಲೂ ಇಲ್ಲ."

ಸೋಮವಾರ ಅಯ್ನೋರು ಬಂದರು, ಪಾದಪೂಜೆ ಆಯಿತು. ಪ್ರಸಾದಕ್ಕೆ ಕೂತಾಗ ಅತ್ತಿಗೆ ಹೋಳಿಗೆ ತಟ್ಟೆ ಹಿಡಿದು, "ಅಯ್ನೋರೇ, ಇನ್ನೊಂದು ಹಾಕ್ಕೋ," ಎಂದರು. ಅಮ್ಮ ತಮಗೆ ಹೇಗೆ ಹೇಳುತ್ತಾಳೋ ಹಾಗೆ ಕಲಿತ ಕನ್ನಡ ಅದು. ಅಯ್ನೋರು ನಕ್ಕು ಎರಡು ಹಾಕಿಸಿಕೊಂಡರು. ಆಮೇಲೆ ಎಲೆಯ ತುದಿ ನೋಡಿ ಕೇಳಿದರು:

"ಕಳೆದ ಸಲ ಒಂದು ಪರಂಗಿಕಾಯಿದು ಬಡಿಸಿದ್ರಲ್ಲ ತಾಯಿ, ಹುಳಿಸಿಹಿ... ಅದು ಇಲ್ವಾ?"

ಅಮ್ಮ ನನ್ನ ಕಡೆ ನೋಡಿದಳು. ನಾನು ನನ್ನ ಎಲೆಯ ಮೇಲಿನ ಉಪ್ಪನ್ನು ಬಹಳ ಆಸಕ್ತಿಯಿಂದ ನೋಡಿದೆ.

ಆ ಸಂಜೆ ನನಗೆ ನನ್ನ ಕಳ್ಳತನ ನೆನಪಾಯಿತು. ಶಿವಮೊಗ್ಗದಲ್ಲಿ, ದುರ್ಗಿಗುಡಿ ಕಡೆ ನಾನು ದಿನಾ ಸಂಜೆ ನಿಲ್ಲುವ ಒಂದು ಗೋಬಿ ಮಂಚೂರಿ ಗಾಡಿ ಇದೆ. ಎರಡು ತಿಂಗಳ ಹಿಂದೆ, "ನಿನ್ನ ವಿನಿಗರ್ರು ಬರೀ ಆಸಿಡ್ಡು, ಅಸಲಿ ಮಾಲು ನಮ್ಮನೇಲಿದೆ," ಎಂದು ಜಂಬ ಕೊಚ್ಚಿ, ಭರಣಿಯಿಂದ ಒಂದು ನೀರಿನ ಬಾಟಲಿ ತುಂಬಿಸಿ ಅವನಿಗೆ ಕೊಟ್ಟಿದ್ದೆ. ಅತ್ತಿಗೆಯನ್ನು ಕೇಳಿರಲಿಲ್ಲ. ಅಮ್ಮನಿಗೆ ಇದನ್ನು ಹೇಳಿದೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು, "ನಾಳೆ ನಾನೂ ಬರ್ತೀನಿ," ಎಂದಳು.

ಮಂಗಳವಾರ ಸಂಜೆ, ಬೀದಿಬದಿಯ ಗಾಡಿಯ ಹೊಗೆ ಕಂಡರೆ ಸೆರಗು ಮುಚ್ಚಿಕೊಳ್ಳುವ ನನ್ನ ತಾಯಿ, ಹಣೆತುಂಬ ವಿಭೂತಿಯೊಂದಿಗೆ ಗೋಬಿ ಗಾಡಿಯ ಮುಂದೆ ನಿಂತಿದ್ದಳು.

"ಬನ್ನಿ ಅಮ್ಮಾವ್ರೇ. ಡ್ರೈನಾ, ಗ್ರೇವಿನಾ?"

"ಎಂಥದ್ದೂ ಬೇಡಪ್ಪ. ಇವನು ಒಂದು ಬಾಟ್ಲಿ ಕೊಟ್ಟಿದ್ದನಂತಲ್ಲ, ಇದ್ಯಾ?"

ಅವನು ನನ್ನನ್ನು ನೋಡಿದ. "ಅದಾ? ಚೆನ್ನಾಗಿತ್ತು ಮಾರಾಯ. ಆದ್ರೆ ಕೆಟ್ಟೋಯ್ತಲ್ಲ. ಒಳಗೆ ಏನೋ ಫಂಗಸ್ಸು."

"ಚೆಲ್ಲಿದ್ಯಾ?" ಎಂದೆವು ಇಬ್ಬರೂ ಒಟ್ಟಿಗೆ.

"ಚೆಲ್ಬೇಕು ಅಂತ ಹದಿನೈದು ದಿನದಿಂದ ಅಂದ್ಕೋತಿದೀನಿ." ಬಗ್ಗಿ, ಗಾಡಿಯ ಕೆಳಗಿನ ಡಬ್ಬಗಳ ಹಿಂದೆ ಕೈಯಾಡಿಸಿದ. ಎಣ್ಣೆ ಜಿಡ್ಡು ಮೆತ್ತಿದ ಬಾಟಲಿ ಹೊರಬಂತು. ತಳದಲ್ಲಿ ಎರಡು ಬೆರಳಷ್ಟು ಹುಳಿನೀರು, ಅದರಲ್ಲಿ ಹೆಬ್ಬೆರಳ ಉಗುರಿನಷ್ಟು ಲೋಳೆ. ಸೋಮಾರಿತನಕ್ಕೆ ನಾನು ಕೈಮುಗಿದದ್ದು ಅದೊಂದೇ ಸಲ.

ಅಮ್ಮ ಬಾಟಲಿಯನ್ನು ಸೆರಗಿನಿಂದ ಒರೆಸಿದಳು. ಬರೀ ಕೈಯಲ್ಲಿ ಹೋಗುವುದು ಸರಿಯಲ್ಲವೆಂದು ಒಂದು ಪ್ಲೇಟ್ ಗೋಬಿ ಕಟ್ಟಿಸಿಕೊಂಡಳು. ಬಸ್ಸಿನಲ್ಲಿ ಭದ್ರಾವತಿಯವರೆಗೂ ಬಾಟಲಿ ಅವಳ ಮಡಿಲಲ್ಲಿ ನೆಟ್ಟಗೆ ಕೂತಿತ್ತು. ಗೋಬಿ ನನ್ನ ಮಡಿಲಲ್ಲಿ.

ಬಾಗಿಲಲ್ಲೇ ಬಾಟಲಿಯನ್ನು ಅತ್ತಿಗೆಯ ಕೈಗಿಟ್ಟು ಅಮ್ಮ ಹೇಳಿದಳು: "ಗೊತ್ತಾಗ್ಲಿಲ್ಲ ಕಣೇ. ನನ್ನ ಹೆಪ್ಪು ಯಾರಾದ್ರೂ ಚೆಲ್ಲಿದ್ದಿದ್ರೆ ನಾನು ಸುಮ್ನೆ ಇರ್ತಿರ್ಲಿಲ್ಲ. ನೀನು ಸುಮ್ನಿದ್ದೆ." ಹೆಪ್ಪು ಎಂದರೇನೆಂದು ಅತ್ತಿಗೆಗೆ ತಿಳಿಯಲಿ ಎಂದು ಒಳಗೆ ಕರೆದೊಯ್ದು ಮೊಸರಿನ ಬಟ್ಟಲನ್ನೇ ತೋರಿಸಿದಳು. ಅತ್ತಿಗೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಇದು ಗೋಬಿ ಗಾಡಿಗೆ ಹೇಗೆ ಹೋಯಿತು ಎಂಬ ಪ್ರಶ್ನೆ ಬರಲೇಬೇಕಿತ್ತು, ಬಂತು. ಹೇಳಿದೆ. ನಾನು ಇನ್ಸ್‌ಪೆಕ್ಟರಾದದ್ದನ್ನೂ ಹೇಳಿದೆ; ಯಾರ ದನಿಯಲ್ಲೂ ಅಲ್ಲ, ನನ್ನದೇ ದನಿಯಲ್ಲಿ, ಅದಕ್ಕೇ ತಡವರಿಸಿತು.

"ತೋತೋ," ಎಂದರು ಅತ್ತಿಗೆ ನಿಧಾನಕ್ಕೆ, "ಕಳ್ಳ." ಆಮೇಲೆ ಗೋಬಿಯ ಪೊಟ್ಟಣ ಬಿಚ್ಚಿ ಒಂದನ್ನೂ ನನಗೆ ಕೊಡದೆ ಅಮ್ಮನೂ ಅವರೂ ತಿಂದರು.

ಬರುತ್ತದೋ ಇಲ್ಲವೋ ಹೇಳಲಾಗದು ಎಂದರು ಅತ್ತಿಗೆ. ಎಣ್ಣೆ ಸೇರಿದ್ದರೆ ಕಷ್ಟ. ಕುದಿಸಿ ಆರಿಸಿದ ತೆಂಗಿನಕಾಯಿ ನೀರಿಗೆ ಸಕ್ಕರೆ ಹಾಕಿ, ಆ ಎರಡು ಬೆರಳಷ್ಟು ಹುಳಿಯನ್ನು ಬೆರೆಸಿ, ಈ ಸಲ ಸಣ್ಣ ಬಾಟಲಿಯಲ್ಲಿಟ್ಟರು. ಜಾಗವನ್ನು ಅಮ್ಮನೇ ಬದಲಿಸಿದಳು: ಮೆಟ್ಟಿಲ ಕೆಳಗಲ್ಲ, ಅಡುಗೆಮನೆಯಲ್ಲಿ, ಅವಳ ಹೆಪ್ಪಿನ ಬಟ್ಟಲಿನ ಪಕ್ಕ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಬಾಟಲಿಯ ಮುಂದೆ ಬಗ್ಗಿ ನಿಲ್ಲುತ್ತಿದ್ದಳು. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಒಂದೆರಡು ಗುಳ್ಳೆ. ಅತ್ತಿಗೆ ನಾನಾಯ್ ಜೊತೆ ಮಾತಾಡುತ್ತಿದ್ದರು, ಆದರೆ ಭರಣಿಯ ಸುದ್ದಿ ಎತ್ತುತ್ತಿರಲಿಲ್ಲ. ಮನೆಯಲ್ಲಿ ನಾನು ಯಾರನ್ನೂ ಅಣಕಿಸಲಿಲ್ಲ. "ಇವನಿಗೆ ಡಾಕ್ಟ್ರಿಗೆ ತೋರ್ಸಿ," ಎಂದರು ಅಪ್ಪ.

ಗಣೇಶನ ಹಬ್ಬ ಕಳೆದ ಒಂದು ಬೆಳಿಗ್ಗೆ ಅಮ್ಮ ಕೂಗಿದಳು. ನೀರಿನ ಮೇಲೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ ಏನೋ ಕಟ್ಟಿತ್ತು. ಅತ್ತಿಗೆ ಬಟ್ಟೆ ಬಿಚ್ಚಿ ಮೂಸಿದರು, ಒಂದು ಹನಿ ನಾಲಿಗೆಗೆ ಇಟ್ಟುಕೊಂಡರು. ನಾವು ಕಾದೆವು. ಹುಬ್ಬು ಮೇಲಕ್ಕೇರಿತು.

ಅವತ್ತೇ ಫೋನ್ ಮಾಡಿ ನಾನಾಯ್‌ಗೆ ಎಲ್ಲ ಹೇಳಿದರು. ಅಮ್ಮ ಪರದೆಯ ಮುಂದೆ ನಿಂತು, ಕನ್ನಡದಲ್ಲೇ, "ತಪ್ಪಾಯ್ತು ಬೀಗರೇ," ಎಂದು ಕೈಮುಗಿದಳು. ನಾನಾಯ್ ತಮ್ಮ ಭಾಷೆಯಲ್ಲಿ ಏನೋ ಹೇಳಿ ಬಿದ್ದು ಬಿದ್ದು ನಕ್ಕರು. ತಾವು ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಭರಣಿಯನ್ನು ಹೀಗೇ ಚೆಲ್ಲಿದ್ದರಂತೆ, ಕೊಳೆತಿದೆ ಎಂದು. ಅದಕ್ಕೇ ಅವರ ಮನೆಯಲ್ಲಿದ್ದದ್ದು ತವರಿನ ಹುಳಿ.

ಭರಣಿ ತುಂಬಲು ಇನ್ನೊಂದು ತಿಂಗಳು ಹಿಡಿಯಿತು. ಹೊಸ ಚೀಟಿಯನ್ನು ಈ ಸಲ ಅಮ್ಮ ಬರೆದಳು, ಅದೇ 'ಡಿಸೆಂಬರ್', ಕೆಳಗೆ ದೊಡ್ಡದಾಗಿ 'ಮುಟ್ಟಬೇಡ' ಎಂದು. ಅದು ಯಾರಿಗೆ ಎಂದು ನಾನು ಕೇಳಲಿಲ್ಲ.

ಆ ಹುಳಿಯ ಮೊದಲ ಅಡುಗೆ ಅಲಸಂದೆಕಾಯಿ. ಬೆಳ್ಳುಳ್ಳಿ ಕೆಂಪಾಯಿತು, ಕಾಯಿ ಬಾಡಿತು, ಅತ್ತಿಗೆ ಒಂದು ಬಟ್ಟಲು ಹುಳಿ ಸುರಿದು ಹಿಂದೆ ಸರಿದರು. ಅಮ್ಮ ಒಲೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಸೌಟಿತ್ತು, ಈ ಸಲ ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಸೌಟು ಕೊಂಚ ಮುಂದೆ ಹೋಯಿತು. ಹಿಂದೆ ಬಂತು. ಅಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ?"

ಅತ್ತಿಗೆ ಇಲ್ಲವೆಂದು ತಲೆಯಾಡಿಸಿದರು.

ಹುಳಿಯ ಘಾಟು ಮೂಗಿಗೆ ಹೊಡೆದು ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪ ನಡುಮನೆಯಿಂದ, "ಏನೋ ವಾಸನೆ ಬರ್ತಿದೆಯಲ್ಲ?" ಎಂದರು. ಅವರ ಮೂಗೇ ಎದ್ದಿತ್ತು ಎಂದ ಮೇಲೆ ಹುಳಿಗೆ ಜೀವ ಬಂದದ್ದರಲ್ಲಿ ಸಂಶಯವಿರಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತು ಏನೋ ಹೇಳಲು ಬಾಯಿ ತೆರೆದೆ.

ಅಮ್ಮ ತಿರುಗಲಿಲ್ಲ. ಪಾತ್ರೆಯ ಮೇಲಿಂದ ಕಣ್ಣು ತೆಗೆಯದೆ, ತುಟಿಯನ್ನು ಮುಂದೆ ಚಾಚಿ ತಟ್ಟೆಗಳ ಕಡೆ ತಿರುಗಿಸಿದಳು. ನಾನು ಬಾಯಿ ಮುಚ್ಚಿಕೊಂಡು ಐದು ತಟ್ಟೆ ಇಳಿಸಿದೆ.